ಎದ್ದರೆ ಮುರಿಯುವ ಕಹಾನಿ

ಮೊದಲಿಗೇ ತಪ್ಪೊಪ್ಪಿಕೊಳ್ಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಹತ್ತನೆಯ ತರಗತಿಗೇ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಬಂದ ಮಾತನ್ನೂ ಮೂರು ಮೂರು ಸಲ ಹೊಡೆದು ಹಾಕಿ ಬರೆದಿದ್ದೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಇದರಲ್ಲಿ ಬರುವ ನಿಶಾತ ನಾನೇ. ‘ನಾನು’ ಎಂದು ಬರೆಯಲು ಕೂತರೆ ಎರಡನೆಯ ಸಾಲಿಗೇ ಪೆನ್ನು ನಿಲ್ಲುತ್ತದೆ, ಅದಕ್ಕೆ ‘ಅವಳು’ ಎಂದು ಬರೆದಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ, ನಡೆದದ್ದನ್ನು ಬದಲಿಸಿಲ್ಲ.

ಯಲಬುರ್ಗಿ ಸೀಮೆಯ ಮಂಗಳೂರು ಎಂದರೆ ಹೊರಗಿನವರು ಮೀನಿನ ವಿಚಾರ ಕೇಳುತ್ತಾರೆ. ಇದು ಆ ಮಂಗಳೂರಲ್ಲ. ಇಲ್ಲಿ ಎರೆಹೊಲ ಇದೆ, ಜೋಳ ಕಡಲೆ ಬೆಳೆಯುತ್ತದೆ, ಸಮುದ್ರವನ್ನು ಟಿವಿಯಲ್ಲಿ ನೋಡಬೇಕು. ನಿಶಾತಳ ಅಪ್ಪ ಕಾಸೀಮಸಾಬ ಈ ಊರಿನ ಪಿಂಜಾರ. ಬಿಲ್ಲಿನ ಹಾಗಿರುವ ಕಟ್ಟಿಗೆಗೆ ನರದ ಹುರಿ ಬಿಗಿದು, ಅದನ್ನು ಮೀಟಿ ಮೀಟಿ ಹತ್ತಿ ಹಿಂಜುವುದು, ಗಾದಿ ದಿಂಬು ಹೊಲಿಯುವುದು ಅಜ್ಜನ ಕಾಲದಿಂದ ಬಂದ ಕೆಲಸ. ಈಗ ಹಿಂಜುವುದನ್ನು ಮಷಿನು ಮಾಡುತ್ತದೆ. ಮೂವತ್ತು ವರ್ಷ ಹತ್ತಿಯ ಧೂಳು ಕುಡಿದ ಅಪ್ಪನ ಎದೆ ಸೋತದ್ದೂ, ನಿಶಾತ ಹತ್ತನೆಯ ತರಗತಿ ಮುಗಿಸಿದ್ದೂ ಒಂದೇ ಬೇಸಿಗೆಯಲ್ಲಿ. ಮುಂದೆ ಓದಿಸುವ ಮಾತನ್ನು ಮನೆಯಲ್ಲಿ ಯಾರೂ ತೆಗೆಯಲಿಲ್ಲ. ಅವಳೂ ತೆಗೆಯಲಿಲ್ಲ. ದಬ್ಬಣ ಹಿಡಿದು ಗಾದಿ ಹೊಲಿಯಲು ಕೂತಳು.

ಅವಳಿಂದ ಮಾತು ಹೊರಡಿಸುವುದೆಂದರೆ ಆಳದ ಬಾವಿಯಿಂದ ತುಂಬಿದ ಕೊಡ ಎಳೆದ ಹಾಗೆ. ಗಾದಿ ಕೊಳ್ಳಲು ಬಂದವರು, ‘ನಿನ್ನ ಮಗಳು ಮೂಕಿಯೇನೋ ಕಾಸೀಮಾ’ ಎಂದು ಕೇಳಿದ್ದುಂಟು. ಆದರೆ ಅದೇ ಹುಡುಗಿ ಊರಿನ ಹೆಂಗಸರಿಗೆ ಕಹಾನಿ ಹೇಳುವವಳು.

ನಮ್ಮ ಕಡೆ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಮಗಳಿಗೆ ಗಂಡು ಕೂಡಿ ಬರಲಿ, ಸೊಸೆಯ ಹೊಟ್ಟೆ ತುಂಬಲಿ ಎಂದು ಮನ್ನತ್ತು ಹೊರುತ್ತಾರೆ. ಹರಕೆ ಎಂದರೂ ಅದೇ. ಕೆಲಸ ಕೈಗೂಡಿದರೆ ಒಂದು ಗುರುವಾರ ಮಧ್ಯಾಹ್ನ ಓಣಿಯ ಹೆಂಗಸರನ್ನು ಕರೆದು ಕಹಾನಿ ಹೇಳಿಸುತ್ತಾರೆ. ನೆಲಕ್ಕೆ ಬಿಳಿ ಚಾದರ ಹಾಸಿ, ಊದು ಹಾಕಿ, ನಡುವೆ ಅಗಲವಾದ ಪರಾತದಲ್ಲಿ ಮಲೀದಾ ಇಡುತ್ತಾರೆ. ಚಪಾತಿ ಪುಡಿ ಮಾಡಿ ಬೆಲ್ಲ ತುಪ್ಪ ಕಲಸಿದ ಸಿಹಿ ಅದು. ಹೇಳುವವಳು ಬಿಸ್ಮಿಲ್ಲಾ ಎಂದ ಗಳಿಗೆಯಿಂದ, ‘ಕಹಾನಿ ಪೂರಾ ಆಯ್ತು, ಎಲ್ಲರ ಮುರಾದು ಪೂರಾ ಆಗಲಿ’ ಎನ್ನುವ ತನಕ ಕೂತವರು ಯಾರೂ ಏಳುವಂತಿಲ್ಲ. ಎದ್ದರೆ ಮನ್ನತ್ತು ಮುರಿಯಿತು, ಕೈಗೂಡಿದ ಕೆಲಸ ಕೈಬಿಟ್ಟಿತು. ಮಸೀದಿಯ ಹಿರಿಯರು ಇದೆಲ್ಲ ದೀನಿನಲ್ಲಿ, ಧರ್ಮದಲ್ಲಿ ಇಲ್ಲ ಎಂದು ಬೈಯುತ್ತಲೇ ಇರುತ್ತಾರೆ. ಹೆಂಗಸರು ಹೌದೆಂದು ತಲೆಯಾಡಿಸಿ, ಮುಂದಿನ ಗುರುವಾರ ಮತ್ತೆ ಚಾದರ ಹಾಸುತ್ತಾರೆ. ಒಮ್ಮೆ ಒಳಗೆ ಹಾಲು ಉಕ್ಕಿ, ಸೀದ ವಾಸನೆ ಮೂಗಿಗೆ ಬಡಿದರೂ ಮನೆಯೊಡತಿ ಕಲ್ಲಿನ ಹಾಗೆ ಕೂತಿದ್ದಳು. ಕಹಾನಿ ಮುಗಿದ ಮೇಲೆ ನೋಡಿದರೆ ಹಾಲಿನ ಜೊತೆ ಪಾತ್ರೆಯೂ ಹೋಗಿತ್ತು. ‘ಹೋದ್ರ ಹೋಗವಲ್ದ್ಯಾಕ, ಅಳಿಯ ಉಳಿದನಲ್ಲ’ ಎಂದಳಂತೆ.

ಊರಿನಲ್ಲಿ ಕಹಾನಿಯ ನೋಟಬುಕ್ಕು ಇದ್ದದ್ದು ಒಂದೇ. ಹಿಂದೆ ಯಾರೋ ಮಾಸ್ತರು ಬರೆದುಕೊಟ್ಟದ್ದು. ನಿಶಾತಳಿಗೆ ಹನ್ನೆರಡಾದಾಗ, ಓದು ಬಲ್ಲ ಹುಡುಗಿ ಎಂದು ಅವಳ ಕೈಗೆ ಕೊಟ್ಟರು. ಓದುತ್ತ ಓದುತ್ತ ಹೋದರೆ ಕೊನೆಯ ನಾಲ್ಕು ಹಾಳೆಗಳನ್ನು ಗೆದ್ದಲು ತಿಂದಿತ್ತು. ನಡುವೆ ನಿಲ್ಲಿಸುವಂತಿಲ್ಲ. ಎಲ್ಲರೂ ಬಾಯಿ ಬಿಟ್ಟು ನೋಡುತ್ತಿದ್ದಾರೆ. ಅವಳು ತಲೆ ಬಗ್ಗಿಸಿ, ಖಾಲಿ ರಟ್ಟನ್ನೇ ನೋಡುತ್ತ ಉಳಿದ ಕಥೆಯನ್ನು ತಾನೇ ಕಟ್ಟಿ ಹೇಳಿದಳು. ಮುದುಕಿಯರು ಕಣ್ಣೊರೆಸಿಕೊಂಡರು. ಆಮೇಲೆ ಅವಳೇ ಕಹಾನಿಯವಳಾದಳು. ಹಳೆಯದು ಬೇಸರವಾಯಿತು, ಹೊಸದು ಹೇಳು ಎನ್ನತೊಡಗಿದರು. ಕಹಾನಿ ಯಾವುದಾದರೇನು, ಏಳಬಾರದೆಂಬ ಕಟ್ಟು ಒಂದೇ.

ಜಾಸ್ಮೀನ ಬಳೆ ಅಂಗಡಿಯ ಶಬ್ಬೀರಸಾಬನ ಮಗಳು, ನಿಶಾತಳ ವಾರಿಗೆಯವಳು. ನಿಶಾತ ಬಾಯಿ ಮುಚ್ಚಿದಷ್ಟೂ ಅವಳದು ತೆರೆದ ಬಾಯಿ. ಯಲಬುರ್ಗಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ಬರುವಾಗ ಲೈಬ್ರರಿಯಿಂದ ಮಾಯೆ ಮಂತ್ರದ ಕಥೆ ಪುಸ್ತಕ ತರುತ್ತಿದ್ದಳು. ನಿಶಾತ ಗಾದಿ ಹೊಲಿಯುತ್ತಿದ್ದರೆ ಅವಳು ಹತ್ತಿಯ ರಾಶಿಗೆ ಒರಗಿ ಗಟ್ಟಿಯಾಗಿ ಓದುವಳು.

ಎರಡು ವರ್ಷದ ಹಿಂದೆ ಹಬ್ಬದ ಮುನ್ನಾದಿನ ನಿಶಾತ ಬಳೆ ಇಡಿಸಿಕೊಳ್ಳಲು ಅಂಗಡಿಗೆ ಹೋದಳು. ದಬ್ಬಣ ಹಿಡಿದು ಗಡುಸಾದ ಕೈ, ಬಳೆ ಏರುತ್ತಿರಲಿಲ್ಲ. ಜಾಸ್ಮೀನ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಗೆಣ್ಣು ಗೆಣ್ಣೂ ಮೆತ್ತಗೆ ಒತ್ತಿ, ಒಂದೂ ಒಡೆಯದ ಹಾಗೆ ಹನ್ನೆರಡು ಹಸಿರು ಬಳೆ ಏರಿಸಿದಳು. ಏರಿಸಿದ ಮೇಲೂ ಕೈ ಬಿಡಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮದುವೆಯಾಗುವ ಹುಡುಗನ ಬಗ್ಗೆ ಹುಡುಗಿಯರು ಪಿಸುಗುಟ್ಟುವುದೆಲ್ಲ ತನಗೆ ಯಾಕೆ ನಾಟುತ್ತಿರಲಿಲ್ಲ ಎನ್ನುವುದು ನಿಶಾತಳಿಗೆ ಆ ಗಳಿಗೆಯಲ್ಲಿ ತಿಳಿಯಿತು. ಹೆದರಿಕೆಯೂ ಆಯಿತು, ಹಬ್ಬವೂ ಆಯಿತು.

ಒಂದು ದಿನ ಜಾಸ್ಮೀನ ಓದುತ್ತಿದ್ದ ಪುಸ್ತಕವನ್ನು ಮುಚ್ಚಿ ಹೇಳಿದಳು, “ಎಷ್ಟ ಪುಸ್ತಕ ಓದಿದ್ರೂ ನಮ್ಮಂಥವ್ರು ಒಬ್ರೂ ಇಲ್ಲ ನೋಡ. ಮುಸಲರ ಹುಡುಗ್ಯಾರು ಮಾಯಾ ಮಾಡಂಗಿಲ್ಲೇನು? ಹುಡುಗಿ ಹುಡುಗೀನ ಇಷ್ಟಪಟ್ರ ರಾಕ್ಷಸ ಸಾಯಂಗಿಲ್ಲೇನು? ನೀನ ಬರಿ.”

“ನನ್ನ ಅಕ್ಷರ...”

“ನಿನ್ನ ಅಕ್ಷರ ಓದಾಕ ನಾ ಒಬ್ಬಾಕಿ ಇದ್ರ ಸಾಲದೇನು?”

ಹಾಗೆ ಇನ್ನೂರು ಪುಟದ ನೋಟಬುಕ್ಕಿನಲ್ಲಿ ಅವರ ಕಥೆ ಶುರುವಾಯಿತು. ಶಾಲೆಯ ಟ್ರಿಪ್ಪಿನಲ್ಲಿ ಹನುಮನಹಳ್ಳಿಯ ಕಡೆ ಹೋದಾಗ ಬಂಡೆಯ ಮೇಲೆ ಬಂಡೆ ಒಟ್ಟಿದ ಗುಡ್ಡಗಳನ್ನು ಇಬ್ಬರೂ ನೋಡಿದ್ದರು. ಇದನ್ನು ಮನುಷ್ಯರಂತೂ ಒಟ್ಟಿಲ್ಲ ಎಂದು ನಿಶಾತ ಅವತ್ತೇ ಅಂದುಕೊಂಡಿದ್ದಳು. ಕಥೆಯಲ್ಲಿ ಆ ಬಂಡೆಗಳ ಕೆಳಗೆ ಜಿನ್ನುಗಳ ಪಟ್ಟಣ ಇತ್ತು. ಜಿನ್ನುಗಳ ಬಾದಶಹ ಒಂದು ಊರಿನ ನಿದ್ದೆಯನ್ನೆಲ್ಲ ಕದ್ದು ಒಯ್ದಿದ್ದ. ಅದನ್ನು ಬಿಡಿಸಿಕೊಂಡು ಬರಲು ಇಬ್ಬರು ಹುಡುಗಿಯರು ಹೊರಟಿದ್ದರು. ಒಬ್ಬಳು ಪಿಂಜಾರರವಳು, ಬಿಲ್ಲು ಮೀಟಿದರೆ ಮೋಡವನ್ನೂ ಹಿಂಜಬಲ್ಲವಳು. ಇನ್ನೊಬ್ಬಳು ದರ್ಗಾದಲ್ಲಿ ದೀಪ ಹಚ್ಚುವವಳು, ಅವಳ ದೀಪ ಗಾಳಿಗೆ ಆರುತ್ತಿರಲಿಲ್ಲ. ನಿಶಾತ ದಿನಕ್ಕೊಂದು ಪುಟ ಬರೆದರೆ ಜಾಸ್ಮೀನ ಅಂಚಿನಲ್ಲಿ ‘ಇಲ್ಲಿ ಅವಳು ಹೆದರಬಾರದು’, ‘ಇಲ್ಲಿ ಕೈ ಹಿಡಿಯಲಿ’ ಎಂದು ಪೆನ್ಸಿಲ್ಲಿನಲ್ಲಿ ಬರೆದು ಮರಳಿಸುವಳು. ಇಬ್ಬರು ಹುಡುಗಿಯರು ಒಂದೇ ಶಾಲು ಹೊದ್ದು ಕೂತರೂ, ಕೈ ಕೈ ಹಿಡಿದು ಓಣಿ ಸುತ್ತಿದರೂ ಯಾರೂ ಏನೂ ಅನ್ನಲಿಲ್ಲ. ‘ಎಷ್ಟು ಛಲೋ ಗೆಳತ್ಯಾರು’ ಎನ್ನುತ್ತಿದ್ದರು. ಊರು ಕಣ್ಣು ಬಿಟ್ಟುಕೊಂಡೇ ಕುರುಡಾಗಿತ್ತು.

ಹದಿನೆಂಟು ತುಂಬುವುದನ್ನೇ ಕಾಯುತ್ತಿದ್ದ ಹಾಗೆ, ತುಂಬಿದ ತಿಂಗಳಲ್ಲೇ ಜಾಸ್ಮೀನಳಿಗೆ ಗಂಗಾವತಿಯ ಗಂಡು ಬಂತು. ಹುಡುಗನ ಹೆಸರು ಇಲಿಯಾಸ, ಭತ್ತ ಕೊಯ್ಯುವ ಮಷಿನಿನ ಡ್ರೈವರು. ಅವನ ತಾಯಿ ಹಮೀದಾಬಿ ನೋಡಲು ಬಂದಳು. ಜಾಸ್ಮೀನ ಒತ್ತಾಯ ಮಾಡಿ ಕರೆದದ್ದರಿಂದ ನಿಶಾತಳೂ ಅಲ್ಲಿದ್ದಳು. ಹಮೀದಾಬಿ ಹುಡುಗಿಯನ್ನು ಅಂಗಳದ ಆ ತುದಿಯಿಂದ ಈ ತುದಿಗೆ ನಡೆಸಿದಳು, ಸೆರಗು ಸರಿಸಿ ಕೂದಲು ಅಳೆದಳು, ನಗಿಸಿ ಹಲ್ಲು ನೋಡಿದಳು.

“ಮೈಯಾಗ ಇಷ್ಟ ರಕ್ತ ಇಲ್ಲ. ಇರ್ಲಿ ಬಿಡ್ರಿ, ನಮ್ಮ ಕಡೆ ಸೋನಾಮಸೂರಿ ಅನ್ನ ಉಂಡ್ರ ತುಂಬ್ಕೊಂತಾಳ. ಈ ಜ್ವಾಳದ ರೊಟ್ಟಿ ತಿಂದು ತಿಂದು ಒಣಗ್ಯಾಳ.”

ದನದ ಸಂತೆಯಲ್ಲಾದರೂ ಒಂದು ಮರ್ಯಾದೆ ಇರುತ್ತದೆ. ನಿಶಾತ ಉಗುರುಗಳನ್ನು ಅಂಗೈಗೆ ಒತ್ತಿಕೊಂಡು ಕೂತಿದ್ದಳು.

ಜಾಸ್ಮೀನ ಅವತ್ತೇ ಸಂಜೆ ತಾಯಿ ತಾಜಬೀಗೆ ಬೇಡ ಎಂದಳು. ಯಾಕೆ ಎಂದರೆ ಬೇಡ ಅಂದಳು. ಯಾವನಾದರೂ ಇದ್ದಾನೇನು ಎಂದರೆ ಯಾವ ಗಂಡಸೂ ಬೇಡ ಎಂದಳು. ತಾಜಬೀ ಎದೆ ಎದೆ ಬಡಿದುಕೊಂಡಳು. ಹನುಮನಹಳ್ಳಿಯ ಬಂಡೆ ಸಂದಿಯಲ್ಲಿ ಮಗಳಿಗೆ ಜಿನ್ನು ಹಿಡಿದಿದೆ, ಅದಕ್ಕೇ ಗಂಡನ್ನು ಒಲ್ಲೆ ಎನ್ನುತ್ತಾಳೆ ಎಂದು ಯಾರೋ ಹೇಳಿದರು. ತಾಯಿತ ಕಟ್ಟಿದರು. ಆಗಲಿಲ್ಲ. ಮರುದಿನ ನಡು ಮಧ್ಯಾಹ್ನ ಜಾಸ್ಮೀನಳನ್ನು ಅಡುಗೆ ಕೋಣೆಯಲ್ಲಿ ಕೂಡಿಸಿ, ಬಾಗಿಲು ಹಾಕಿ, ಕೆಂಡದ ಮೇಲೆ ಒಣ ಮೆಣಸಿನಕಾಯಿ ಸುರಿದರು.

ನಿಶಾತ ದಿಂಬಿನ ಗವಸು ಕೊಡಲು ಅದೇ ಹೊತ್ತಿಗೆ ಹೋಗಿದ್ದಳು. ಓಣಿಯಲ್ಲಿ ನಿಂತವಳಿಗೆ ಒಳಗಿನ ಕೆಮ್ಮು ಕೇಳಿಸಿತು. ಮನುಷ್ಯರ ಕೆಮ್ಮಿನ ಹಾಗಿರಲಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಯ ಕಳಕಮ್ಮ ತನ್ನ ಕಟ್ಟೆಯ ಮೇಲೆ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಎದುರು ಮನೆಯವರು ಕಿಟಕಿ ಹಾಕಿಕೊಂಡರು. ಬಾಗಿಲು ಹತ್ತು ಹೆಜ್ಜೆ ದೂರ ಇತ್ತು. ಅವಳು ಹೋಗಿ ಬಡಿಯಲಿಲ್ಲ. ಗವಸುಗಳನ್ನು ಎದೆಗೆ ಒತ್ತಿಕೊಂಡು ಮನೆಗೆ ಓಡಿದಳು. ಇದನ್ನು ಬರೆಯದೆ ಬಿಡಬಹುದಿತ್ತು. ಬಿಟ್ಟಿಲ್ಲ.

ಮೂರು ದಿನ ಜಾಸ್ಮೀನಳ ಕಣ್ಣು ತೆರೆಯಲಿಲ್ಲ. ನಾಲ್ಕನೆಯ ದಿನ ಅವಳು ‘ಹೂಂ’ ಎಂದಳು. ಜಿನ್ನು ಬಿಟ್ಟಿತು ಎಂದು ಓಣಿಯಲ್ಲಿ ಸಕ್ಕರೆ ಹಂಚಿದರು. ನಿಶಾತಳ ಮನೆಗೂ ಒಂದು ಮುಷ್ಟಿ ಬಂತು. ಅವಳು ಅದನ್ನು ತಿಪ್ಪೆಗೆ ಚೆಲ್ಲಿ ಬಂದಳು.

ತಾಜಬೀ ಗಂಡು ಕೂಡಿ ಬಂದರೆ ಕಹಾನಿ ಹೇಳಿಸುತ್ತೇನೆಂದು ಮನ್ನತ್ತು ಹೊತ್ತಿದ್ದಳು. ಈಗ ತೀರಿಸಬೇಕು. ಹೇಳುವವಳು ನಿಶಾತ.

“ಈ ಗುರುವಾರ ಬಾರವಾ,” ಎಂದಳು ತಾಜಬೀ, ಗಾದಿಯ ರಾಶಿಯ ಮೇಲೆ ಕೂತು, “ಗಂಗಾವತಿ ಬೀಗ್ತಿ ಸೈತ ಬರ್ತಾಳ. ಹಳೇದ ಬ್ಯಾಡ, ಕೇಳಿ ಕೇಳಿ ಎಲ್ಲಾರ್ಗೂ ಬಾಯಿಪಾಠ ಆಗೇತಿ. ಹೊಸಾದ ಒಂದು ಹೇಳ. ನೀ ಏನ್ ಹೊರಗಿನಾಕಿ ಅಲ್ಲ, ಜಾಸ್ಮೀನಗ ಅಕ್ಕ ತಂಗಿ ಇದ್ದಂಗ.”

ನಿಶಾತ ದಾರವನ್ನು ಹಲ್ಲಿನಿಂದ ಕಡಿದಳು. ತಲೆ ಎತ್ತದೆ, “ಹೂಂ ಖಾಲಾ,” ಎಂದಳು.

ಗುರುವಾರಕ್ಕೆ ಉಳಿದಿದ್ದ ಮೂರು ದಿನ ಅವಳ ಮೈಯಲ್ಲಿ ಉರಿ ಬಿಟ್ಟರೆ ಬೇರೇನೂ ಇರಲಿಲ್ಲ. ಉರಿಯೊಳಗಿಂದಲೇ ಒಂದು ಉಪಾಯ ಹುಟ್ಟಿತು. ನೋಟಬುಕ್ಕಿನ ಕಥೆಯನ್ನೇ ಹೇಳುವುದು. ಇಬ್ಬರು ಹುಡುಗಿಯರು ಜೋಡಿಯಾಗುವ ಜಾಗ ಬಂದಾಗ ಹಮೀದಾಬಿ ತೌಬಾ ತೌಬಾ ಎಂದು ಎದ್ದೇ ಏಳುತ್ತಾಳೆ. ಬೀಗಿತ್ತಿಯೇ ಎದ್ದರೆ ಮನ್ನತ್ತು ಮುರಿಯುತ್ತದೆ. ಮನ್ನತ್ತು ಮುರಿದ ಸಂಬಂಧವನ್ನು ಯಾವ ಹೆಂಗಸೂ ಮುಂದುವರಿಸುವುದಿಲ್ಲ. ತಾನು ಬಾಯಿ ಬಿಟ್ಟು ಜಗಳ ಆಡಬೇಕಿಲ್ಲ, ಅವರ ಕಟ್ಟಿನಿಂದಲೇ ಅವರ ಕೆಲಸ ಕೆಡುತ್ತದೆ. ಜಾಸ್ಮೀನಳನ್ನು ಒಂದು ಮಾತು ಕೇಳಲು ದಾರಿ ಇರಲಿಲ್ಲ, ಅವಳ ಫೋನು ಕಸಿದಿದ್ದರು. ದಾರಿ ಹುಡುಕಲೂ ಇಲ್ಲ ಎನ್ನುವುದೂ ನಿಜ.

ಗುರುವಾರ ಚಾದರದ ಮೇಲೆ ಇಪ್ಪತ್ತು ಹೆಂಗಸರಿದ್ದರು. ನಡುವೆ ಮಲೀದಾದ ಪರಾತ. ಅದರ ಆಚೆ ತಾಜಬೀ ಮತ್ತು ಹಮೀದಾಬಿ. ಅವರ ನಡುವೆ ಹಳದಿ ದುಪಟ್ಟಾ ಹೊದ್ದ ಜಾಸ್ಮೀನ, ಕಣ್ಣಿನ ಸುತ್ತ ಇನ್ನೂ ಕೆಂಪು. ಕಳಕಮ್ಮನೂ ಬಂದು ಗೋಡೆಗೆ ಒರಗಿ ಕೂತಿದ್ದಳು, ಕಹಾನಿ ಎಂದರೆ ಅವಳು ತಪ್ಪಿಸುವವಳಲ್ಲ.

“ಬಚ್ಚಲಕ್ಕ ಹೋಗೂವ್ರು ಈಗ ಹೋಗಿ ಬರ್ರಿ ಯವ್ವಾ, ಆಮ್ಯಾಲೆ ನನ್ನ ಮಗಳ ಬಾಳಿಗೆ ನೀರ ಬಿಡಬ್ಯಾಡ್ರಿ,” ಎಂದು ತಾಜಬೀ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಒಬ್ಬಿಬ್ಬರು ಎದ್ದು ಹೋಗಿಯೂ ಬಂದರು.

ನಿಶಾತ ಬಿಸ್ಮಿಲ್ಲಾ ಎಂದಳು. “ಒಂದ ಊರಾಗ ಒಬ್ಬಾಕಿ ಪಿಂಜಾರರ ಹುಡುಗಿ ಇದ್ದಳಂತ.” ಮೊದಲ ಸಾಲಿಗೇ ಜಾಸ್ಮೀನಳ ಬೆರಳು ದುಪಟ್ಟಾದ ಅಂಚಿನ ಮೇಲೆ ನಿಂತವು.

ನಿದ್ದೆ ಕಳೆದುಕೊಂಡ ಊರು, ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡೇ ಇರುವ ಕೂಸುಗಳು, ಬಂಡೆಯ ಕೆಳಗಿನ ಮೆಟ್ಟಿಲು, ಗಾಳಿಗೆ ಆರದ ದೀಪ. ಹೆಂಗಸರು ಹೂಂ ಹೂಂ ಎನ್ನುತ್ತ ಮುಂದಕ್ಕೆ ಜರುಗಿದರು. ಕೊನೆಗೆ ಬಾದಶಹನ ಖಜಾನೆಯ ಬಾಗಿಲು ಬಂತು. ಆ ಬಾಗಿಲು ನಿಜವಾದ ಜೋಡಿಗೆ ಮಾತ್ರ ತೆರೆಯುವಂಥದ್ದು. ಗಂಡ ಹೆಂಡತಿ ಎಂದು ಸುಳ್ಳು ಹೇಳಿಕೊಂಡು ಬಂದ ಎಷ್ಟೋ ಮಂದಿ ಅದರ ಮುಂದೆ ಕಲ್ಲಾಗಿದ್ದರು. ಕಾವಲಿನ ಜಿನ್ನು ಕೇಳಿತು, “ನಿಮ್ಮ ನಿಮ್ಮ ಜೋಡಿ ಎಲ್ಲಿ?” ಪಿಂಜಾರರ ಹುಡುಗಿ ದೀಪದ ಹುಡುಗಿಯನ್ನು ತೋರಿಸಿದಳು. ದೀಪದ ಹುಡುಗಿ ಪಿಂಜಾರರ ಹುಡುಗಿಯನ್ನು ತೋರಿಸಿದಳು. ಜಿನ್ನು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಬಾಗಿಲು ನಗಲಿಲ್ಲ. ಬಾಗಿಲು ತೆರೆಯಿತು.

ನಿಶಾತ ನಿಲ್ಲಿಸಿ ಹಮೀದಾಬಿಯನ್ನು ನೋಡಿದಳು.

ಹಮೀದಾಬಿಯ ಕಣ್ಣು ಹೊಳೆಯುತ್ತಿದ್ದವು. “ಶಾಬಾಶ್!” ಎಂದು ತೊಡೆ ತಟ್ಟಿಕೊಂಡಳು. “ಬಾಗಲಾ ಸುಳ್ಳ ಹೇಳಂಗಿಲ್ಲ ನೋಡ್ರಿ. ಮುಂದ? ಮುಂದ ಹೇಳ ಬೇಟಿ.”

“ಆ ನಗೂ ಜಿನ್ನಿನ ಮಾರಿ ನೋಡಬೇಕಿತ್ತು ಬಿಡ್ರಿ,” ಎಂದಳು ಒಬ್ಬಳು.

“ಇಬ್ರೂ ಛಲೋ ಜೋಡಿ,” ಎಂದಳು ಇನ್ನೊಬ್ಬಳು, ಮಗುವಿಗೆ ಹಾಲು ಕುಡಿಸುತ್ತ.

ಒಬ್ಬರೂ ಏಳಲಿಲ್ಲ. ನಿಶಾತಳ ಉಪಾಯ ಮಣ್ಣು ಮುಕ್ಕಿತು. ಅವಳಿಗೆ ನಗಬೇಕೋ ಚೀರಬೇಕೋ ತಿಳಿಯಲಿಲ್ಲ. ಇವರು ಬೈಯುತ್ತಾರೆ, ಉಗುಳುತ್ತಾರೆ ಎಂದು ಮೂರು ದಿನ ಮೈ ಗಟ್ಟಿ ಮಾಡಿಕೊಂಡು ಬಂದಿದ್ದಳು. ಇವರು ಪ್ರೀತಿ ಮಾಡಿದ್ದರು! ಬಂಡೆಯ ಕೆಳಗೆ ಇಬ್ಬರು ಹುಡುಗಿಯರು ಜೋಡಿಯಾದರೆ ಇವರಿಗೆ ಕಣ್ಣೀರು ಬರುತ್ತದೆ. ಅಡುಗೆ ಕೋಣೆಯಲ್ಲಿ ಆದರೆ ಮೆಣಸಿನಕಾಯಿ ಸುರಿಯುತ್ತಾರೆ. ಕಥೆಯ ಹುಡುಗಿಗೆ ಶಾಬಾಶ್, ಮಗ್ಗುಲಲ್ಲಿ ಕೂತ ಹುಡುಗಿಗೆ ಹಲ್ಲಿನ ಪರೀಕ್ಷೆ. ತಮ್ಮ ಕರುಳು ಎಷ್ಟು ಮೆತ್ತಗಿದೆ ಎಂದು ಮಲೀದಾ ತಿನ್ನುತ್ತ ಮಾತಾಡಿಕೊಳ್ಳುತ್ತಾರೆ, ಭಾನುವಾರ ಇದೇ ಹುಡುಗಿಯ ಕೈಗೆ ಮದುವೆಯ ಮೆಹಂದಿ ಹಚ್ಚುತ್ತಾರೆ.

ನೋಟಬುಕ್ಕಿನಲ್ಲಿ ಕಥೆ ಅಲ್ಲಿಗೆ ಮುಗಿದಿತ್ತು. ಹುಡುಗಿಯರು ನಿದ್ದೆಯ ಗಂಟು ಹೊತ್ತು ಊರಿಗೆ ಬರುತ್ತಾರೆ, ಊರು ಮಲಗುತ್ತದೆ, ಅಷ್ಟೇ. ನಿಶಾತ ಮುಗಿಸುವ ಮಾತು ಹೇಳಲಿಲ್ಲ. ಹನ್ನೆರಡು ವರ್ಷದವಳಿದ್ದಾಗ ಖಾಲಿ ರಟ್ಟು ನೋಡುತ್ತ ಹೇಳಿದ್ದಳಲ್ಲ, ಹಾಗೆ ತನ್ನ ಖಾಲಿ ಅಂಗೈ ನೋಡುತ್ತ ಮುಂದುವರಿಸಿದಳು. ದನಿ ಮಾತ್ರ ಆಗಿನದಲ್ಲ.

ಹುಡುಗಿಯರು ಊರಿಗೆ ಬಂದರು. ಎಲ್ಲರಿಗೂ ಅವರವರ ನಿದ್ದೆ ಮರಳಿಸಿದರು. ದೀಪದ ಹುಡುಗಿ ತಾಯಿಗೆ ನಿಜ ಹೇಳಿದಳು. ತಾಯಿ ಬಾಗಿಲು ತೆರೆದದ್ದನ್ನು ನಂಬಲಿಲ್ಲ, ಜಿನ್ನು ಹಿಡಿದಿದೆ ಎನ್ನುವುದನ್ನು ನಂಬಿದಳು. ಮಗಳನ್ನು ಒಳಗೆ ಕೂಡಿಸಿ, ಕೆಂಡದ ಮೇಲೆ ಮೆಣಸಿನಕಾಯಿ ಸುರಿದಳು. ಹುಡುಗಿ ಗೋಡೆ ಕೆರೆದಳು. ಯಾ ಅಲ್ಲಾ ಎಂದಳು, ಅವ್ವಾ ಎಂದಳು. ಊರು ಹೊಟ್ಟೆ ತುಂಬ ನಿದ್ದೆ ಮಾಡುತ್ತಿತ್ತು. ಆ ನಿದ್ದೆ ತಂದುಕೊಟ್ಟವಳೇ ಒಳಗೆ ಕೆಮ್ಮುತ್ತಿದ್ದಳು. ಒಬ್ಬರೂ ಏಳಲಿಲ್ಲ.

ಹೆಂಗಸರು ಬಿಕ್ಕತೊಡಗಿದರು. ಎಲ್ಲರಿಗಿಂತ ಹೆಚ್ಚು ಅತ್ತವಳು ತಾಜಬೀ. ಸೆರಗು ಬಾಯಿಗೆ ಒತ್ತಿಕೊಂಡು, “ಅಯ್ಯ ನನ್ನವ್ವಾ, ಹೆತ್ತಾಕಿ ಅದಾಳೊ ಏನ ರಾಕ್ಷಸಿ ಅದಾಳೊ?” ಎಂದಳು. “ಯಾವ ಕಲ್ಲೆದಿ ಹೆಂಗಸವಾ ಅಕಿ?”

ನಿಶಾತಳ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಹೇಳಿದರೆ ಜಾಸ್ಮೀನಳ ಗುಟ್ಟು ಇಪ್ಪತ್ತು ಬಾಯಿಗೆ ಬೀಳುತ್ತದೆ. ಅದು ಅವಳು ಹೇಳಬೇಕಾದದ್ದು. ನಿಶಾತ ಹಲ್ಲು ಕಚ್ಚಿ ಕೂತಳು.

ಆಗ ಹಳದಿ ದುಪಟ್ಟಾ ಮೇಲೆದ್ದಿತು.

“ನೀನ ಅಲ್ಲೇನವ್ವಾ ಅಕಿ?” ಎಂದಳು ಜಾಸ್ಮೀನ. ಹೊಗೆ ಕುಡಿದ ಗಂಟಲು, ದನಿ ಒಡೆದಿತ್ತು. “ಹ್ವಾದ ವಾರ ಮಂಗಳವಾರ, ಇದ ಮನ್ಯಾಗ. ಈಗ ಯಾರಿಗೆ ಅಳಾಕತ್ತಿ?”

“ಏ, ಕುಂದರ! ಕುಂದರಲೇ! ಕಹಾನಿ ಮುಗದಿಲ್ಲ!” ತಾಜಬೀ ಅವಳ ಕೈ ಜಗ್ಗಿದಳು. ತಾನೂ ಏಳುವಂತಿಲ್ಲವಲ್ಲ, ಕೂತಲ್ಲಿಂದಲೇ ಜಗ್ಗಿದಳು.

“ಗೊತ್ತೈತಿ. ಗೊತ್ತಿದ್ದ ಎದ್ದೀನಿ.” ಜಾಸ್ಮೀನ ಕೈ ಬಿಡಿಸಿಕೊಂಡು, ಪರಾತ ದಾಟಿ, ಹೆಂಗಸರ ಮಂಡಿಗಳ ನಡುವೆ ಹೆಜ್ಜೆ ಇಟ್ಟು ಅಂಗಳಕ್ಕೆ ಹೋದಳು. ಯಾರೂ ತಡೆಯಲಿಲ್ಲ. ತಡೆಯಬೇಕೆಂದರೆ ಏಳಬೇಕಾಗಿತ್ತು.

“ಮದಲಗಿತ್ತೀನ ಎದ್ದಳಲ್ರಿ,” ಎಂದಳು ಹಮೀದಾಬಿ, ಮುಖ ಸುಣ್ಣದ ಹಾಗಾಗಿ. “ಇನ್ನ ಏನ ಉಳೀತು?”

“ಇಲ್ರಿ, ಇಲ್ಲ, ಬಾಗಲಾ ದಾಟಿಲ್ಲ, ಚಾದರ ಅಷ್ಟ ದಾಟ್ಯಾಳ!” ತಾಜಬೀ ನಿಶಾತಳ ಕಡೆ ತಿರುಗಿದಳು. “ಲಗೂನ ಮುಗಸ ನೀ. ಪೂರಾ ಆತು ಅನ್ನ! ನಿನ್ನ ಕಾಲ ಬೀಳತೀನಿ, ಒಂದ ಮಾತು ಅನ್ನ!”

ಅಷ್ಟೂ ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಹೇಳಿಬಿಟ್ಟರೆ ಎಲ್ಲವನ್ನೂ ಮುಚ್ಚಿಹಾಕುತ್ತಿದ್ದರು. ಹುಡುಗಿಗೆ ತಲೆ ಕೆಟ್ಟಿತ್ತು, ಜಿನ್ನು ಪೂರ್ತಿ ಬಿಟ್ಟಿರಲಿಲ್ಲ, ಇನ್ನೊಮ್ಮೆ ಹೊಗೆ ಹಾಕಿದರಾಯಿತು.

“ಕಹಾನಿ ಮುಗದಿಲ್ಲ,” ಎಂದಳು ನಿಶಾತ.

“ಯಾರವಾ ಆ ಹುಡುಗ್ಯಾರು? ಯಾರ ಮನಿ ಕಥಿ ಹೇಳಾಕತ್ತಿ ನೀ?” ಎಂದು ಕೇಳಿದಳು ಹಮೀದಾಬಿ.

“ಪಿಂಜಾರರ ಹುಡುಗಿ ನಾನ.” ನಿಶಾತ ತಲೆ ಎತ್ತಿಯೇ ಹೇಳಿದಳು. “ಇನ್ನೊಬ್ಬಾಕೀದು ಕೇಳಬ್ಯಾಡ್ರಿ, ನಾ ಹೇಳಂಗಿಲ್ಲ. ನೀವು ಅತ್ತಿದ್ದು ನನಗ. ಶಾಬಾಶ್ ಅಂದಿದ್ದು ನನಗ. ಅಂದ ಮಾತು ಈಗ ಹೊಳ್ಳಿ ತಗೋಬ್ಯಾಡ್ರಿ.”

ಮೊದಲು ಎದ್ದವಳು ಹಮೀದಾಬಿ. ಮಲೀದಾ ಮುಟ್ಟದೆ ಚಪ್ಪಲಿ ಹುಡುಕಿಕೊಂಡು ಹೋದಳು. ಆಮೇಲೆ ಎಲ್ಲರೂ ಎದ್ದರು. ತಾಜಬೀ ನಿಶಾತಳ ಕೆನ್ನೆಗೆ ಎರಡು ಬಾರಿಸಿದಳು, ಮೂರನೆಯದಕ್ಕೆ ಕೈ ಎತ್ತಿ ತಾನೇ ಕುಸಿದು ಅತ್ತಳು. ನಿಶಾತಳಿಗೆ ಆ ಅಳುವನ್ನು ನೋಡಿ ಪಾಪ ಎನಿಸಲಿಲ್ಲ. ಪಾಪ ಎನಿಸಬೇಕೆಂದು ಈಗಲೂ ಪ್ರಯತ್ನಪಡುತ್ತಾಳೆ, ಇನ್ನೂ ಆಗಿಲ್ಲ.

ಮೂರನೆಯ ದಿನ ಗಂಗಾವತಿಯಿಂದ ಫೋನು ಬಂತು, ಸಂಬಂಧ ಮುರಿಯಿತು. ಅದೇ ದಿನ ಜಾಸ್ಮೀನಳನ್ನು ಕುಷ್ಟಗಿಯಲ್ಲಿರುವ ಅವಳ ಮಾಮುವಿನ ಮನೆಗೆ ಕಳಿಸಿದರು. ನಿಶಾತಳ ಮನೆಯಿಂದ ಗಾದಿ ಕೊಳ್ಳಲು ಜನ ಬರುವುದು ನಿಂತಿತು. ಅವ್ವ ಒಲೆಯ ಮುಂದೆ ಕೂತು ಯಾರನ್ನೋ ಶಪಿಸುತ್ತಾಳೆ, ಯಾರನ್ನೆಂದು ಹೇಳುವುದಿಲ್ಲ. ಕಾಸೀಮಸಾಬ ಮೂರನೆಯ ದಿನ, ದಮ್ಮು ತೆಗೆದುಕೊಳ್ಳುತ್ತ, “ಮದಿವಿ ಬ್ಯಾಡಂದ್ರ ಬ್ಯಾಡ ಅನಬೇಕಿತ್ತು. ಊರ ಮುಂದ ಹೇಳೂದು ಏನಿತ್ತಬೇ?” ಎಂದ.

“ಬ್ಯಾಡ ಅಂದಾಕಿಗೆ ಹೊಗಿ ಹಾಕಿದ್ರಲ್ಲಪ್ಪಾ,” ಎಂದಳು ನಿಶಾತ. ಅವನು ಗೋಡೆಯ ಕಡೆ ತಿರುಗಿ ಮಲಗಿದ. ಬೈಯಲಿಲ್ಲ. ಅವಳ ಕೈಯಿಂದ ದಬ್ಬಣವನ್ನೂ ಕಸಿದುಕೊಳ್ಳಲಿಲ್ಲ.

ನಿನ್ನೆ ನೀರು ತರುವಾಗ ಕಳಕಮ್ಮ ಅವಳನ್ನು ನಲ್ಲಿಯ ಹತ್ತಿರ ಹಿಡಿದು ನಿಲ್ಲಿಸಿದಳು. ಆಚೆ ಈಚೆ ನೋಡಿ, ದನಿ ತಗ್ಗಿಸಿ, “ನಂಗ ಊಟ ಸೇರವಲ್ದ ನೋಡ. ಆ ದೀಪದ ಹುಡುಗಿ ಹೊಗಿಯಾಗಿಂದ ಹೊರಗ ಬಂದ್ಲೊ ಇಲ್ಲೊ? ಅಷ್ಟ ಹೇಳಿಬಿಡ,” ಎಂದಳು.

ನಿಶಾತ ಕೊಡವನ್ನು ಕೆಳಗಿಟ್ಟಳು. “ಆ ಮಂಗಳವಾರ ಕಟ್ಟಿ ಮ್ಯಾಲ ಕುಂತಿದ್ದಿಲ್ಲ ನೀ? ಬಾಗಲಾ ಬಡದಿದ್ರ ಅವತ್ತ ಬರ್ತಿದ್ಲು. ನೀನೂ ಬಡೀಲಿಲ್ಲ, ನಾನೂ ಬಡೀಲಿಲ್ಲ. ಇನ್ನ ಯಾವ ಬಾಯಿಲೆ ಕಥಿ ಕೇಳ್ತಿ ಕಳಕವ್ವಾ?”

ಕಳಕಮ್ಮನ ಕೊಡ ತುಂಬಿ ಹೊರಗೆ ಹರಿಯಿತು. ಅವಳು ನಲ್ಲಿ ತಿರುಗಿಸುವುದನ್ನೂ ಮರೆತು ನಿಂತಿದ್ದಳು. ಕೊನೆಗೆ, “ಕುಷ್ಟಗ್ಯಾಗ ಅವರ ಮಾಮುಂದು ಬಸ್‌ಸ್ಟ್ಯಾಂಡ್ ಹಿಂದ ಸೈಕಲ್ ಅಂಗಡಿ ಐತಿ. ಮನಿ ಅದರ ಮ್ಯಾಲ,” ಎಂದಳು. ಮತ್ತೇನೂ ಕೇಳದೆ ಕೊಡ ಹೊತ್ತು ಹೋದಳು.

ಜಾಸ್ಮೀನಳ ಫೋನು ಇನ್ನೂ ಬಂದ್ ಆಗಿಯೇ ಇದೆ. ಅವಳಿಗೆ ಕೋಪ ಬಂದಿದೆಯೋ, ಅವಳನ್ನು ಕೇಳದೆ ಅವಳ ಕಥೆಯನ್ನು ಇಪ್ಪತ್ತು ಜನರ ಮುಂದೆ ಹೇಳಿದ್ದು ತಪ್ಪೆನಿಸಿದೆಯೋ, ಅಲ್ಲಿಯೂ ಯಾರಾದರೂ ಕೆಂಡ ಹೊತ್ತಿಸಿದ್ದಾರೆಯೋ, ನಿಶಾತಳಿಗೆ ಗೊತ್ತಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಕುಷ್ಟಗಿಯ ಬಸ್ಸು ಹತ್ತುತ್ತಾಳೆ. ಸೈಕಲ್ ಅಂಗಡಿಯ ಮೇಲಿನ ಮನೆಯ ಬಾಗಿಲು ಬಡಿದು, ಜಾಸ್ಮೀನಳನ್ನು ಕರೆಯಿರಿ ಎಂದು ಗಟ್ಟಿಯಾಗಿ ಹೇಳುತ್ತಾಳೆ.